ನಾಯಿ ಕಚ್ಚಿದರೆ ಪರಿಹಾರ ಕೇಳುವುದು ಹೇಗೆ?



ಸಂಘದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಕಂತು ಬರೆದು ಮುಗಿದ ಮೇಲೆ ಮಾತು ಊರಿನ ಸುದ್ದಿಗೆ ಹೊರಳುವುದು ಸಹಜ. ಈಚೆಗೆ ಆ ಸುದ್ದಿಯಲ್ಲಿ ನಾಯಿ ಕಚ್ಚಿದ ಸಂಗತಿ ಆಗಾಗ ಬರುತ್ತದೆ. ಹಾಲು ಹಾಕಲು ಡೈರಿಗೆ ಹೊರಟವರಿಗೆ ಕಚ್ಚಿತು, ಅಂಗನವಾಡಿಗೆ ಹೋಗುವ ಮಗುವಿಗೆ ಕಚ್ಚಿತು, ಬೀಡಿ ಕೊಟ್ಟು ಬರುವಾಗ ಕಾಲಿಗೆ ಬಾಯಿ ಹಾಕಿತು. ಕೇಳಿದವರೆಲ್ಲ "ಅಯ್ಯೋ ಪಾಪ" ಅನ್ನುತ್ತಾರೆ. ಕಚ್ಚಿಸಿಕೊಂಡವಳು "ಏನ್ ಮಾಡೋದು, ನನ್ನ ಗ್ರಹಚಾರ" ಎಂದು ಸುಮ್ಮನಾಗುತ್ತಾಳೆ. ಆಸ್ಪತ್ರೆಯ ಖರ್ಚು, ಹೋದ ಕೂಲಿ, ಸಂಘದಿಂದ ತೆಗೆದ ಸಾಲ ಎಲ್ಲವೂ ಅವಳ ತಲೆಯ ಮೇಲೆಯೇ ಉಳಿಯುತ್ತದೆ.

ಇದು ಗ್ರಹಚಾರವಲ್ಲ. ನಾಯಿಯನ್ನು ಸಾಕಿದವರಿಗೆ ಅದನ್ನು ಹತೋಟಿಯಲ್ಲಿಡುವ ಹೊಣೆ ಇದೆ. ಬೀದಿನಾಯಿಯಾದರೆ ಅವುಗಳ ಸಂಖ್ಯೆ ಹೆಚ್ಚದಂತೆ, ಅವುಗಳಿಗೆ ಲಸಿಕೆ ಬೀಳುವಂತೆ ನೋಡಿಕೊಳ್ಳುವ ಹೊಣೆ ಸ್ಥಳೀಯ ಸಂಸ್ಥೆಗಿದೆ. ಹೊಣೆ ಇದ್ದವರು ಅದನ್ನು ಮರೆತಾಗ ನಷ್ಟ ತುಂಬಿಕೊಡಿ ಎಂದು ಕೇಳುವುದು ಭಿಕ್ಷೆ ಬೇಡಿದಂತಲ್ಲ. ಈ ತಿಂಗಳ ಪಾಠದಲ್ಲಿ ಅದರ ದಾರಿಯನ್ನು ತಿಳಿದುಕೊಳ್ಳೋಣ.

ಮೊದಲು ಜೀವ, ಆಮೇಲೆ ಅರ್ಜಿ

ಪರಿಹಾರದ ಮಾತಿಗೆ ಮುಂಚೆ ಒಂದು ವಿಷಯ ಸ್ಪಷ್ಟವಾಗಿರಲಿ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚುಕಡಿಮೆ ಯಾರನ್ನೂ ಬಿಡುವುದಿಲ್ಲ. ಆದರೆ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಅದು ಬಾರದಂತೆ ತಡೆಯಬಹುದು. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಾಕಿ, ನಲ್ಲಿಯ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಾ ತೊಳೆಯಿರಿ. ಹದಿನೈದು ನಿಮಿಷ ಅಂದರೆ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಹೊತ್ತು, ಗಡಿಯಾರ ನೋಡಿಯೇ ತೊಳೆಯಿರಿ. ಖಾರದ ಪುಡಿ, ಸುಣ್ಣ, ಅರಿಶಿನ, ಕಾಫಿ ಪುಡಿ, ಸೀಮೆಎಣ್ಣೆ ಯಾವುದನ್ನೂ ಹಚ್ಚಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ.

ಆಮೇಲೆ ನೇರ ಸರಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಲಸಿಕೆ ಉಚಿತ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹೆದರಿಕೆ ಇನ್ನೂ ಕೆಲವರಿಗಿದೆ. ಆ ಹಳೆಯ ಲಸಿಕೆ ನಿಂತು ಇಪ್ಪತ್ತು ವರ್ಷವಾಯಿತು. ಈಗ ತೋಳಿಗೆ ಕೊಡುವ ಲಸಿಕೆ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸುತ್ತಾರೆ. ಸೋಮವಾರ ಶುರುವಾದರೆ ಅದೇ ವಾರದ ಗುರುವಾರ, ಮುಂದಿನ ಸೋಮವಾರ, ಕೊನೆಯದು ನಾಲ್ಕು ವಾರ ತುಂಬುವ ಸೋಮವಾರ. ಸ್ನಾಯುವಿಗೆ ಕೊಡುವ ಪದ್ಧತಿಯಾದರೆ 14ನೇ ದಿನವೂ ಸೇರಿ ಒಟ್ಟು ಐದು ಸಲ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದನ್ನೂ ಕೊಡಬೇಕಾಗುತ್ತದೆ. "ಡಾಕ್ಟ್ರೇ, ನನಗೆ ಅದು ಬೇಕಾ?" ಎಂದು ಬಾಯಿಬಿಟ್ಟು ಕೇಳಿ. ಗಾಯ ಮಾಯಿತೆಂದು ಕೊನೆಯ ಇಂಜೆಕ್ಷನ್ ಬಿಡುವವರಿದ್ದಾರೆ, ಹಾಗೆ ಮಾಡಬಾರದು.

ಮಕ್ಕಳು ಬೈಗುಳಕ್ಕೆ ಹೆದರಿ ಕಚ್ಚಿದ್ದನ್ನು ಮುಚ್ಚಿಡುತ್ತವೆ. ನಾಯಿ ಪರಚಿದರೂ ಬಂದು ಹೇಳಬೇಕು, ಹೇಳಿದರೆ ಹೊಡೆಯುವುದಿಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಡಿ.

ಆಸ್ಪತ್ರೆಗೂ ಪರಿಹಾರಕ್ಕೂ ನೇರ ಸಂಬಂಧವಿದೆ. ಆ ದಿನದ ಓಪಿಡಿ ಚೀಟಿಯೇ ನಿಮ್ಮ ಮೊದಲ ಸಾಕ್ಷಿ. ಚೀಟಿಯಲ್ಲಿ ಬರೇ "ಗಾಯ" ಎಂದಿದ್ದರೆ ಸಾಲದು. ನಾಯಿ ಕಡಿತ ಎಂಬ ಮಾತು, ಕಚ್ಚಿದ ದಿನ ಮತ್ತು ಹೊತ್ತು, ಮೈಯ ಯಾವ ಭಾಗದಲ್ಲಿ ಎಷ್ಟು ಗಾಯ ಎಂಬುದು ಬರಬೇಕು. ನಾಟಿ ಮದ್ದು ಮಾಡಿಸಿ ಹದಿನೈದು ದಿನ ಬಿಟ್ಟು ಹೋದರೆ ಜೀವಕ್ಕೂ ಅಪಾಯ, ನಾಯಿ ಕಚ್ಚಿದ್ದೇ ಸುಳ್ಳು ಎನ್ನುವವರಿಗೂ ದಾರಿಯಾಗುತ್ತದೆ.

ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲಬೇಡಿ, ವಿಷವಿಡಬೇಡಿ. ಅದು ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಅದಲ್ಲದೆ ನಾಯಿಯನ್ನು ಹತ್ತು ದಿನ ಗಮನಿಸುವುದು ಚಿಕಿತ್ಸೆಗೂ ಅಗತ್ಯ. ಹಾಗೆಂದು ಹತ್ತು ದಿನ ಕಾದು ನೋಡಿ ಆಮೇಲೆ ಲಸಿಕೆ ಹಾಕಿಸುವುದಲ್ಲ. ಲಸಿಕೆ ಅಂದೇ ಶುರುವಾಗಬೇಕು.

ನಾಯಿ ಯಾರದು?

ಪರಿಹಾರದ ದಾರಿ ಎರಡಾಗಿ ಒಡೆಯುವುದು ಈ ಪ್ರಶ್ನೆಯಲ್ಲಿ. ಕೊರಳಲ್ಲಿ ಬೆಲ್ಟ್ ಇದ್ದರೆ ಸಾಕಿದ್ದು, ಇಲ್ಲದಿದ್ದರೆ ಬೀದಿಯದು ಎಂದು ಸುಲಭವಾಗಿ ಹೇಳುವ ಹಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಬೆಲ್ಟ್ ಇಲ್ಲದ ಸಾಕುನಾಯಿಗಳೇ ಹೆಚ್ಚು. ಯಾರ ಅಂಗಳದಲ್ಲಿ ಮಲಗುತ್ತದೆ, ಯಾರು ದಿನಾ ಅನ್ನ ಹಾಕುತ್ತಾರೆ, ಯಾರು ಹೆಸರಿಟ್ಟು ಕರೆದರೆ ಬರುತ್ತದೆ, ಪಶು ಆಸ್ಪತ್ರೆಯಲ್ಲಿ ಯಾರ ಹೆಸರಲ್ಲಿ ಚುಚ್ಚುಮದ್ದು ಹಾಕಿಸಿದ್ದಾರೆ ಎಂಬುದನ್ನೆಲ್ಲ ನೋಡಬೇಕಾಗುತ್ತದೆ. ಕಚ್ಚುವ ತನಕ "ನಮ್ಮ ಟಾಮಿ" ಆಗಿದ್ದ ನಾಯಿ ಕಚ್ಚಿದ ಮರುದಿನ "ಅದು ನಮ್ಮದಲ್ಲ ಅಕ್ಕಾ, ಎಲ್ಲಿಂದಲೋ ಬಂದು ಸೇರಿಕೊಂಡಿದೆ" ಆಗುವುದುಂಟು. ಆದುದರಿಂದ ಅಂದೇ ನಾಯಿಯ ಒಂದು ಫೋಟೋ ತೆಗೆದಿಡಿ. ಅಕ್ಕಪಕ್ಕದ ಇಬ್ಬರು ಕಂಡಿದ್ದರೆ ಅವರ ಹೆಸರು ಬರೆದಿಡಿ.

ಸಾಕುನಾಯಿ ಕಚ್ಚಿದಾಗ

ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಅಪಾಯವಾಗಬಹುದೆಂದು ಇದ್ದಾಗ, ಗೊತ್ತಿದ್ದೂ ಅಥವಾ ಅಸಡ್ಡೆಯಿಂದ ಸಾಕಷ್ಟು ಎಚ್ಚರಿಕೆ ವಹಿಸದೆ ಇರುವುದು ಅಪರಾಧ. ಹಿಂದೆ ಇದು ಐಪಿಸಿಯ 289ನೇ ಕಲಮು ಆಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 291ನೇ ಕಲಮು. ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಸಡ್ಡೆಯಿಂದ ಇನ್ನೊಬ್ಬರಿಗೆ ಗಾಯವಾದರೆ 125ನೇ ಕಲಮು ಕೂಡ ಅನ್ವಯಿಸಬಹುದು. ಗಾಯ ತೀವ್ರವಾಗಿದ್ದರೆ ಅದರಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ.

"ತೀವ್ರ ಗಾಯ" ಎಂಬ ಮಾತಿಗೆ ಕಾನೂನಿನಲ್ಲಿ ಗೊತ್ತಾದ ಅರ್ಥವಿದೆ. ಮೂಳೆ ಮುರಿಯುವುದು, ಮುಖ ಶಾಶ್ವತವಾಗಿ ವಿಕಾರವಾಗುವುದು ಅದರಲ್ಲಿ ಸೇರಿದೆ. ಗಾಯದಿಂದಾಗಿ ಹದಿನೈದು ದಿನ ಎಂದಿನ ಕೆಲಸ ಮಾಡಲಾಗದೆ ಹೋಗುವುದೂ ಸೇರಿದೆ. ಹಳೆಯ ಕಾನೂನಿನಲ್ಲಿ ಇದು ಇಪ್ಪತ್ತು ದಿನ ಇತ್ತು. ಬಲಗೈ ಹೆಬ್ಬೆರಳಿಗೆ ನಾಯಿ ಕಚ್ಚಿದರೆ ಬೀಡಿ ಕಟ್ಟುವವಳು ಎಷ್ಟು ದಿನ ಮೊರ ಹಿಡಿಯಲಾರಳು ಎಂಬುದು ಡಾಕ್ಟರಿಗೆ ತಾನಾಗಿ ಹೊಳೆಯುವುದಿಲ್ಲ. ನಿಮ್ಮ ಕೆಲಸ ಏನೆಂದು ಅವರಿಗೆ ಹೇಳಿ. ಎಷ್ಟು ದಿನ ಕೆಲಸಕ್ಕೆ ಹೋಗಬಾರದು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಪೊಲೀಸ್ ಠಾಣೆಗೆ ದೂರು ಬರೆದೇ ಕೊಡಿ. ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಕೊಡಬೇಕು, ಗಾಯದ ಪ್ರಮಾಣ ಪತ್ರವನ್ನು, ಅಂದರೆ ಠಾಣೆಯ ಮಾತಿನಲ್ಲಿ ವೂಂಡ್ ಸರ್ಟಿಫಿಕೇಟನ್ನು, ಆಸ್ಪತ್ರೆಯಿಂದ ಪೊಲೀಸರು ತರಿಸಿಕೊಳ್ಳುತ್ತಾರೆ. ದೂರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. "ನಾಯಿ ಕಚ್ಚಿದ್ದಕ್ಕೆಲ್ಲ ಕೇಸಾ?" ಎಂದು ನಗುವವರು ಸಿಗುತ್ತಾರೆ. ಇಬ್ಬರು ಸದಸ್ಯೆಯರು ಜೊತೆಗೆ ಹೋದರೆ ನಗು ಕಡಿಮೆಯಾಗುತ್ತದೆ.

ಪೊಲೀಸ್ ಕೇಸು ತಪ್ಪಿತಸ್ಥರಿಗೆ ಶಿಕ್ಷೆ ಕೊಡಿಸುವುದಕ್ಕೆ. ದಂಡದ ಹಣದಿಂದ ಗಾಯಗೊಂಡವರಿಗೆ ಪರಿಹಾರ ಕೊಡಲು ನ್ಯಾಯಾಲಯ ಹೇಳಬಹುದಾದರೂ ಅದನ್ನೇ ನಂಬಿ ಕೂರಬಾರದು. ನಷ್ಟಕ್ಕೆ ತಕ್ಕ ಹಣ ಬೇಕಾದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಗಾಯದ ಪರಿಹಾರಕ್ಕೆ ಸಾಮಾನ್ಯವಾಗಿ ಮೂರು ವರ್ಷದೊಳಗೆ, ವ್ಯಕ್ತಿ ತೀರಿಕೊಂಡಿದ್ದರೆ ಎರಡು ವರ್ಷದೊಳಗೆ ದಾವೆ ಹಾಕಬೇಕು. ಸಮಯ ಇದೆಯಲ್ಲ ಎಂದು ಮುಂದೂಡಬೇಡಿ, ಸಾಕ್ಷಿಗಳ ನೆನಪು ಮೂರು ವರ್ಷ ಇರುವುದಿಲ್ಲ. ನಾಯಿಯ ಒಡೆಯರ ಅಸಡ್ಡೆಯನ್ನು ತೋರಿಸುವುದು ದಾವೆಯ ಮುಖ್ಯ ಅಂಶ. ಗೇಟು ತೆರೆದಿಟ್ಟಿದ್ದರೇ, ಸರಪಳಿ ಇಲ್ಲದೆ ಬಿಟ್ಟಿದ್ದರೇ, ಅದೇ ನಾಯಿ ಹಿಂದೆ ಬೇರೆಯವರಿಗೆ ಕಚ್ಚಿತ್ತೇ? ಹಿಂದೆ ಕಚ್ಚಿಸಿಕೊಂಡವರು ಬಂದು ಹೇಳಿದರೆ ನಿಮ್ಮ ಕೇಸು ಗಟ್ಟಿಯಾಗುತ್ತದೆ. "ನಾಯಿ ಇದೆ ಎಚ್ಚರಿಕೆ" ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಆದರೆ ಕಲ್ಲು ಹೊಡೆದು ಕೆಣಕಿದ್ದರೆ, ಬಾರದ ಕಡೆ ನುಗ್ಗಿದ್ದರೆ ನಿಮ್ಮ ಮಾತಿಗೆ ಬಲ ಕಡಿಮೆ.

ನೆರೆಮನೆಯವರೊಡನೆ ರಾಜಿ

ನಿಜ ಹೇಳಬೇಕೆಂದರೆ ಹೆಚ್ಚಿನ ಪ್ರಕರಣಗಳಲ್ಲಿ ನಾಯಿ ಪಕ್ಕದ ಮನೆಯದೇ ಆಗಿರುತ್ತದೆ. ಅವರ ಬಾವಿಯ ನೀರು ನಾವು ಸೇದುತ್ತೇವೆ, ನಮ್ಮ ಮಕ್ಕಳು ಅವರ ಮನೆಯಲ್ಲಿ ಆಡುತ್ತವೆ. ಅವರ ಮನೆಯಾಕೆ ನಮ್ಮ ಸಂಘದಲ್ಲೇ ಸದಸ್ಯೆಯಾಗಿರಬಹುದು. ಕೋರ್ಟಿಗೆ ಹೋಗಲು ಮನಸ್ಸು ಒಪ್ಪದಿದ್ದರೆ ಅದು ತಪ್ಪಲ್ಲ. ಮಾತುಕತೆಯಲ್ಲಿ ಮುಗಿಯುವುದಾದರೆ ಒಳ್ಳೆಯದೇ. ಆದರೆ ರಾಜಿಗೂ ಒಂದು ಕ್ರಮ ಬೇಕು.

ಕಚ್ಚಿದ ಸಂಜೆಯೇ ಐನೂರು ರೂಪಾಯಿ ಕೈಗಿಟ್ಟು "ಇನ್ನು ಏನೂ ಹೇಳಬಾರದು" ಎಂದರೆ ಒಪ್ಪಬೇಡಿ. 28ನೇ ದಿನದ ಇಂಜೆಕ್ಷನ್ ಮುಗಿದು, ಗಾಯ ಮಾದು, ಬೆರಳು ಮೊದಲಿನಂತೆ ಮಡಚುತ್ತದೆಯೇ ಎಂದು ಗೊತ್ತಾಗುವ ತನಕ ಪೂರ್ತಿ ರಾಜಿಗೆ ಸಹಿ ಹಾಕಬಾರದು. ಅಲ್ಲಿಯವರೆಗೆ ಕೊಡುವ ಹಣವನ್ನು "ಚಿಕಿತ್ಸೆಯ ಖರ್ಚಿಗೆ ಮುಂಗಡ" ಎಂದು ಬರೆದು ತೆಗೆದುಕೊಳ್ಳಿ. ಕೊನೆಗೆ ರಾಜಿ ಪತ್ರ ಬರೆಯುವಾಗ ಮೊತ್ತ, ಕೊಡುವ ದಿನ, ನಾಯಿಯನ್ನು ಇನ್ನು ಕಟ್ಟಿಹಾಕುವ ಮಾತು ಇವೆಲ್ಲ ಬರಲಿ. ಹಣ ನಿಮ್ಮ ಬ್ಯಾಂಕ್ ಖಾತೆಗೇ ಬರಲಿ, ಗಂಡಸರ ಕೈಗೆ ಅಲ್ಲ. ಓದಿ ಹೇಳಿಸಿಕೊಳ್ಳದ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.

ಊರಿನ ರಾಜಿಗಿಂತ ಗಟ್ಟಿಯಾದದ್ದು ಲೋಕ ಅದಾಲತ್. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ. ಇಬ್ಬರೂ ಒಪ್ಪಿ ಆದ ತೀರ್ಮಾನ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕೇಸು ಹಾಕುವ ಮೊದಲೇ ಅಲ್ಲಿಗೆ ಹೋಗಬಹುದು. ತಾಲೂಕು ಕೋರ್ಟಿನಲ್ಲಿರುವ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೆ ಎದುರಿನವರನ್ನು ಕರೆಸುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಮತ್ತು ಮಕ್ಕಳಿಗೆ ವಕೀಲರ ನೆರವು ಉಚಿತ. ಇದಕ್ಕೆ ಆದಾಯದ ಮಿತಿ ಇಲ್ಲ, ಬಿಪಿಎಲ್ ಕಾರ್ಡ್ ಇರಬೇಕೆಂದೂ ಇಲ್ಲ. ದೂರವಾಣಿ ಸಂಖ್ಯೆ 15100. ಇದನ್ನು ಸಂಘದ ಪುಸ್ತಕದ ರಟ್ಟಿನ ಮೇಲೆ ಬರೆದಿಡಿ.

ಬೀದಿನಾಯಿ ಕಚ್ಚಿದಾಗ

ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಮಾಡಿಸಬೇಕಾದುದು ಸ್ಥಳೀಯ ಸಂಸ್ಥೆಯ ಕೆಲಸ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಇದನ್ನೇ ಹೇಳುತ್ತವೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಬೇಕು, ಅಲ್ಲಿಗೇ ಮತ್ತೆ ತಂದು ಬಿಡಬಾರದು ಎಂದು ಸುಪ್ರೀಂ ಕೋರ್ಟು 2025ರ ನವೆಂಬರ್ 7ರಂದು ಆದೇಶ ಮಾಡಿತು. ಅಂಥ ಜಾಗದಲ್ಲಿ ಕಚ್ಚಿದ್ದರೆ ಅರ್ಜಿಯಲ್ಲಿ ಇದನ್ನು ತಪ್ಪದೆ ಬರೆಯಿರಿ.

ಕರ್ನಾಟಕ ಸರಕಾರ 2023ರಲ್ಲಿ ಬೀದಿನಾಯಿ ಕಡಿತದ ಗಾಯಕ್ಕೆ 5,000 ರೂಪಾಯಿ, ಸಾವು ಸಂಭವಿಸಿದರೆ 5 ಲಕ್ಷ ರೂಪಾಯಿ ಪರಿಹಾರವೆಂದು ಗೊತ್ತುಮಾಡಿತು. 2025ರ ನವೆಂಬರಿನಲ್ಲಿ ಅದನ್ನು ಇನ್ನಷ್ಟು ಬಿಡಿಸಿ ಹೇಳಿತು. ಆ 5,000ದಲ್ಲಿ 3,500 ರೂಪಾಯಿ ಗಾಯಗೊಂಡವರಿಗೆ, ಉಳಿದ 1,500 ಚಿಕಿತ್ಸೆಯ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಚರ್ಮ ತೂತಾದ ಗಾಯ, ಕಪ್ಪುಗಟ್ಟಿದ ಗಾಯ, ಸೀಳುಗಾಯ, ಹಲವು ಕಡೆ ಕಡಿತ ಇವೆಲ್ಲ ಇದರಲ್ಲಿ ಬರುತ್ತವೆ. ಅರ್ಜಿ ಕೊಡುವ ದಿನ ಈಗಿನ ದರ ಎಷ್ಟೆಂದು ಕಚೇರಿಯಲ್ಲಿ ಕೇಳಿಕೊಳ್ಳಿ.

ಅರ್ಜಿ ಯಾರಿಗೆ? ಮಹಾನಗರ ಪಾಲಿಕೆಯಾದರೆ ಆಯುಕ್ತರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ. ಈ ಆದೇಶಗಳು ಪಟ್ಟಣಗಳನ್ನು ಮುಂದಿಟ್ಟುಕೊಂಡು ಬಂದವು. ಹಾಗೆಂದು ಹಳ್ಳಿಯವರು ಕೈಕಟ್ಟಿ ಕೂರಬೇಕಿಲ್ಲ. ಪಿಡಿಒಗೆ ಅರ್ಜಿ ಕೊಟ್ಟು, ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೂ ಒಂದು ಪ್ರತಿ ಕಳುಹಿಸಿ. 2018ರಲ್ಲಿ ಬೆಳಗಾವಿ ತಾಲೂಕಿನ ಒಂದು ಹಳ್ಳಿಯಲ್ಲಿ ಬೀದಿನಾಯಿಗಳ ದಾಳಿಗೆ ಎರಡು ವರ್ಷದ ಮಗು ಬಲಿಯಾಯಿತು. ಆ ತಂದೆ ಹೈಕೋರ್ಟಿಗೆ ಹೋದಾಗ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಗ್ರಾಮ ಪಂಚಾಯಿತಿಗೇ ಆದೇಶವಾಯಿತು. ಪಂಚಾಯಿತಿಗೂ ಹೊಣೆ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಮಾತು ಬೇಡ.

ಬೇರೆ ರಾಜ್ಯಗಳ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬಹುದು. ಕೇರಳದಲ್ಲಿ ಬೀದಿನಾಯಿ ಕಡಿತದ ಅರ್ಜಿಗಳನ್ನು ನೋಡಲು 2016ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಸಿರಿ ಜಗನ್ ಅವರ ಸಮಿತಿಯನ್ನು ನೇಮಿಸಿತು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2023ರಲ್ಲಿ ಒಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ ಎಂದಿತು. ಆ ದರ ನಮ್ಮ ರಾಜ್ಯಕ್ಕೆ ತಾನಾಗಿ ಬರುವುದಿಲ್ಲ. ಆದರೆ ಹೆಚ್ಚಿನ ಪರಿಹಾರಕ್ಕೆ ವಕೀಲರು ನಮ್ಮ ಹೈಕೋರ್ಟಿನಲ್ಲಿ ವಾದ ಮಾಡುವಾಗ ಇವನ್ನು ಎತ್ತಿ ತೋರಿಸಬಹುದು.

ಅರ್ಜಿಗೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು, ತಾರೀಕು ಹಾಕಿಸಿ. "ಆಗೋದಿಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿದರೆ "ಹಾಗಾದ್ರೆ ಹಿಂಬರಹ ಕೊಡಿ ಸಾರ್" ಎನ್ನಿ. ತಿಂಗಳು ಕಳೆದರೂ ಸದ್ದಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ ನಿಮ್ಮ ಅರ್ಜಿ ಎಲ್ಲಿದೆ ಎಂದು ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಆ ಹಿಂಬರಹ, ಆ ಉತ್ತರ ಮುಂದೆ ಕಾನೂನು ಸೇವೆಗಳ ವಕೀಲರಿಗೆ ಬೇಕಾಗುತ್ತದೆ.

ನಷ್ಟದ ಲೆಕ್ಕ ಬರೆಯುವುದು

ಇದರಲ್ಲಿ ನಮ್ಮ ಸಂಘದವರನ್ನು ಮೀರಿಸುವವರಿಲ್ಲ. ವಾರ ವಾರ ಹತ್ತು ರೂಪಾಯಿಯ ಲೆಕ್ಕ ಇಡುವವರು ನಾವು. ಕಚ್ಚಿದ ದಿನದಿಂದಲೇ ಒಂದು ನೋಟ್‌ಬುಕ್ ತೆರೆಯಿರಿ. ಹೀಗೆಂದು ಇಟ್ಟುಕೊಳ್ಳೋಣ, ಬೀಡಿ ಕಟ್ಟುವ ಒಬ್ಬ ಸದಸ್ಯೆಗೆ ಬಲಗೈಗೆ ಕಚ್ಚಿದೆ:

ಮೊದಲ ದಿನದ ಆಟೋ — 300
ಖಾಸಗಿ ಬಸ್ಸಿನಲ್ಲಿ ಇಬ್ಬರು ಹೋಗಿ ಬಂದದ್ದು, 8 ಸಲ, 80ರಂತೆ — 640
ಹೊರಗೆ ಕೊಂಡ ಮದ್ದು, ಬ್ಯಾಂಡೇಜು — 850
ಹೋದ ದುಡಿಮೆ, 20 ದಿನ, 250ರಂತೆ — 5,000
ಜೊತೆಗೆ ಬಂದ ತಂಗಿ ಬಿಟ್ಟ ಕೂಲಿ, 4 ದಿನ, 400ರಂತೆ — 1,600
ಸಂಘದ ಸಾಲ 5,000ಕ್ಕೆ ಮೂರು ತಿಂಗಳ ಬಡ್ಡಿ, ನೂರಕ್ಕೆ ಒಂದರಂತೆ — 150
ಒಟ್ಟು — 8,540 ರೂಪಾಯಿ

ನೋವು, ಉಳಿದ ಕಲೆ, ಬೆರಳಿನ ಊನ ಇವು ಇದರಲ್ಲಿ ಸೇರಿಲ್ಲ, ಅವನ್ನು ಬೇರೆಯಾಗಿ ಕೇಳಬೇಕು. ಸರಕಾರದಿಂದ ಕೈಗೆ ಬರುವ 3,500 ಈ ಲೆಕ್ಕದ ಅರ್ಧಕ್ಕೂ ಸಾಲದು ಎಂಬುದನ್ನು ಗಮನಿಸಿ. ಅದನ್ನು ಬೇಡವೆನ್ನಬೇಕಿಲ್ಲ, ಅಷ್ಟಕ್ಕೇ ತೃಪ್ತಿಪಡಬೇಕೆಂದೂ ಇಲ್ಲ.

ಪ್ರತಿ ಸಾಲಿಗೂ ಒಂದು ಚೀಟಿ ಇರಲಿ. ಸರಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಲ್ಲಿ ಹೋದರೆ ಹಣವಿಲ್ಲ ನಿಜ, ಆದರೆ ಆ ಶೂನ್ಯ ಟಿಕೆಟ್ಟಿನಲ್ಲೂ ತಾರೀಕು ಇರುತ್ತದೆ, ಎಸೆಯಬೇಡಿ. ಬೀಡಿ ಲೆಕ್ಕದ ಪುಸ್ತಕದಲ್ಲಿ ಕಚ್ಚುವ ಹಿಂದಿನ ತಿಂಗಳು ಎಷ್ಟು, ಆ ತಿಂಗಳು ಎಷ್ಟು ಎಂಬುದೇ ಹೋದ ದುಡಿಮೆಗೆ ಸಾಕ್ಷಿ. ಹಾಲು ಹಾಕುವವರಿಗೆ ಡೈರಿಯ ಪುಸ್ತಕ ಹಾಗೆಯೇ. ಆ ವಾರದ ಸಭೆಯ ನಡಾವಳಿಯಲ್ಲಿ ಸದಸ್ಯೆಗೆ ನಾಯಿ ಕಚ್ಚಿದ ವಿಷಯ, ತುರ್ತು ಸಾಲ ಕೊಟ್ಟ ವಿಷಯ ಬರೆದು ಎಲ್ಲರೂ ಸಹಿ ಹಾಕಿದರೆ ಅದೂ ಒಂದು ದಾಖಲೆ. ಹರಿದ ಸೀರೆಯನ್ನು ಒಗೆದು ಹೊಲಿಯುವ ಮುಂಚೆ ಫೋಟೋ ತೆಗೆಯಿರಿ.

ಅರ್ಜಿಯ ಮಾದರಿ

ಗೆ,
ಮುಖ್ಯಾಧಿಕಾರಿಗಳು, ಪುರಸಭೆ, ............

ಮಾನ್ಯರೇ,
ವಿಷಯ: ಬೀದಿನಾಯಿ ಕಡಿತದಿಂದ ಆದ ಗಾಯಕ್ಕೆ ಪರಿಹಾರ ಕೋರಿ.

ದಿನಾಂಕ ........ರಂದು ಬೆಳಿಗ್ಗೆ / ಸಂಜೆ ...... ಗಂಟೆಗೆ ............ ಎಂಬಲ್ಲಿ ನಾನು ನಡೆದು ಹೋಗುತ್ತಿರುವಾಗ ಬೀದಿನಾಯಿ ಕಚ್ಚಿ ನನ್ನ ............ ಭಾಗಕ್ಕೆ ಗಾಯವಾಗಿದೆ. ............ ಸರಕಾರಿ ಆಸ್ಪತ್ರೆಯಲ್ಲಿ ಅಂದೇ ಚಿಕಿತ್ಸೆ ಪಡೆದಿದ್ದೇನೆ. ನಾನು ............ ಕೆಲಸ ಮಾಡಿ ಜೀವನ ಸಾಗಿಸುತ್ತಿದ್ದು, ...... ದಿನ ದುಡಿಯಲು ಆಗಿಲ್ಲ. ಈ ಜಾಗದ ನಾಯಿಗಳ ಬಗ್ಗೆ ದಿನಾಂಕ ........ರಂದು ನಿಮ್ಮ ಕಚೇರಿಗೆ ಮೊದಲೇ ದೂರು ನೀಡಲಾಗಿತ್ತು (ಕೊಟ್ಟಿದ್ದರೆ ಮಾತ್ರ ಬರೆಯಿರಿ). ಸರಕಾರದ ಆದೇಶದಂತೆ ನನಗೆ ಪರಿಹಾರ ನೀಡಬೇಕಾಗಿಯೂ, ಸದರಿ ಸ್ಥಳದ ನಾಯಿಗಳಿಗೆ ಲಸಿಕೆ ಮತ್ತು ಶಸ್ತ್ರಚಿಕಿತ್ಸೆ ಮಾಡಿಸಬೇಕಾಗಿಯೂ ಕೋರುತ್ತೇನೆ.

ಲಗತ್ತು: ಓಪಿಡಿ ಚೀಟಿ ಮತ್ತು ಲಸಿಕೆ ಕಾರ್ಡಿನ ಪ್ರತಿ, ಗಾಯದ ಫೋಟೋ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಖರ್ಚಿನ ಪಟ್ಟಿ, ಪೊಲೀಸ್ ದೂರಿನ ಪ್ರತಿ.

ಸಹಿ, ಹೆಸರು, ವಿಳಾಸ

ಮೂಲ ಕಾಗದಗಳನ್ನು ಕೊಡಬೇಡಿ, ಜೆರಾಕ್ಸ್ ಮಾತ್ರ.

ಸಭೆಯಲ್ಲಿ ಚರ್ಚಿಸಿ

1. ಕಳೆದ ಒಂದು ವರ್ಷದಲ್ಲಿ ನಮ್ಮ ಸಂಘದ ಮನೆಗಳಲ್ಲಿ ಎಷ್ಟು ಮಂದಿಗೆ ನಾಯಿ ಕಚ್ಚಿದೆ? ಎಲ್ಲರೂ ಕೊನೆಯ ಇಂಜೆಕ್ಷನ್ ತನಕ ಹೋದರೇ?
2. ಅವರಲ್ಲಿ ಯಾರ ಬಳಿ ಆಸ್ಪತ್ರೆ ಚೀಟಿ ಇನ್ನೂ ಇದೆ? ಅವರ ಪರವಾಗಿ ಈಗಲೂ ಅರ್ಜಿ ಕೊಡಬಹುದೇ?
3. ನಮ್ಮ ಸದಸ್ಯೆಯರ ಮನೆಯ ನಾಯಿಗಳಿಗೆ ಲಸಿಕೆ ಆಗಿದೆಯೇ? ಹಗಲು ಕಟ್ಟುತ್ತೇವೆಯೇ?
4. ಊರಿನಲ್ಲಿ ಕಚ್ಚುವ ನಾಯಿಗಳಿರುವ ಜಾಗ ಯಾವುದು? ಅದರ ಬಗ್ಗೆ ಪಂಚಾಯಿತಿಗೆ ಸಂಘದ ಹೆಸರಿನಲ್ಲಿ ಲಿಖಿತ ದೂರು ಕೊಡಲು ಇಬ್ಬರನ್ನು ಇಂದೇ ಆರಿಸಿ, ನಡಾವಳಿಯಲ್ಲಿ ಬರೆಯಿರಿ. ಮುಂದೆ ಯಾರಿಗಾದರೂ ಅಲ್ಲಿ ಕಚ್ಚಿದರೆ ಆ ದೂರಿನ ಸ್ವೀಕೃತಿ ಬೇಕಾಗುತ್ತದೆ.